ಉಪ್ಪಿನ ಊರಿನಲ್ಲಿ ಐದು ಗಂಟೆ

ಮಗಳದೋ ಸೊಸೆಯದೋ ಬಾಣಂತನಕ್ಕೆಂದು ವಿದೇಶಕ್ಕೆ ಹೋಗಿಬರುವ ಹೆಂಗಸರು ಈಗ ನಮ್ಮ ಸಣ್ಣಪುಟ್ಟ ಊರುಗಳಲ್ಲೂ ಬೀದಿಗೊಬ್ಬರಂತೆ ಸಿಗುತ್ತಾರೆ. ಹೋದವರು ಮೂರು ತಿಂಗಳನ್ನು ಅಡಿಗೆಮನೆ, ತೊಟ್ಟಿಲು, ಮಗುವಿನ ಬಟ್ಟೆ – ಇಷ್ಟರಲ್ಲೇ ಕಳೆದು ವಾಪಸು ವಿಮಾನ ಹತ್ತಿಬಿಡುತ್ತಾರೆ. “ಏನೇನು ನೋಡಿದಿರಿ?” ಎಂದು ಕೇಳಿದರೆ, “ಅಯ್ಯೋ, ನೋಡೋದೇನು ಬಂತು! ಕಿಟಕಿಯಿಂದ ರಸ್ತೆ ನೋಡಿದೆ” ಎನ್ನುತ್ತಾರೆ. ಅಂಥ ಸೋದರಿಯರಿಗೆ ನಾನು ಹೇಳುವುದಿಷ್ಟೆ: ಅಲ್ಲಿ ಒಂದೂರಿಂದ ಇನ್ನೊಂದೂರಿಗೆ ರೈಲಿನಲ್ಲಿ ಹೋಗುವ ಸಂದರ್ಭ ಬಂದರೆ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಇಳಿಯಿರಿ. ಹೋಟೆಲು ಬೇಡ, ಗೈಡು ಬೇಡ, ಅರ್ಧ ದಿನ ಸಾಕು.

2024ರ ಮೇ ತಿಂಗಳಲ್ಲಿ ನಾನು ಜರ್ಮನಿಯ ಮ್ಯೂನಿಕ್‌ನಲ್ಲಿ ಅಣ್ಣನ ಹಿರಿಮಗಳ ಬಾಣಂತನ ಮುಗಿಸಿ, ವಿಯೆನ್ನಾದಲ್ಲಿ ಓದುತ್ತಿರುವ ಅವನ ಕಿರಿಮಗಳ ಜೊತೆ ಹೊರಟಿದ್ದೆ. ಅವಳಲ್ಲಿ ಒಂದು ವಾರವಿದ್ದು ಊರಿಗೆ ಮರಳುವುದೆಂದು ಲೆಕ್ಕ. ಎರಡು ಊರುಗಳ ನಡುವೆ, ಜರ್ಮನಿಯ ಗಡಿ ದಾಟಿದ ಕೂಡಲೇ ಸಿಗುವ ಆಸ್ಟ್ರಿಯದ ಮೊದಲ ದೊಡ್ಡ ಊರು ಸಾಲ್ಜ್‌ಬರ್ಗ್. ದೊಡ್ಡದು ಎಂದರೆ ಗಾಬರಿಯಾಗಬೇಡಿ. ಜನಸಂಖ್ಯೆ ಒಂದೂವರೆ ಲಕ್ಷ ದಾಟುತ್ತದೆ, ಹೆಚ್ಚುಕಡಿಮೆ ನಮ್ಮ ಹಾಸನದಷ್ಟು. ನೋಡುವಂಥದೆಲ್ಲ ಕಾಲ್ನಡಿಗೆಯ ದೂರದಲ್ಲೇ ಇದೆ. ಸಂಗೀತಗಾರ ಮೊಜಾರ್ಟ್ ಹುಟ್ಟಿದ ಊರು ಎಂದು ಜಗತ್ತಿನವರೆಲ್ಲ ಇಲ್ಲಿಗೆ ಬರುತ್ತಾರೆ. ಹಳೆಯ ಊರಿನ ಭಾಗವನ್ನು 1996ರಲ್ಲಿ ಯುನೆಸ್ಕೋದವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮೊಜಾರ್ಟ್ ಅಲ್ಲ, ಅವನ ಅಕ್ಕ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗಂಟುಮೂಟೆಯ ವಿಚಾರ.

ಟಿಕೆಟು, ಸಾಮಾನು, ಚಿಲ್ಲರೆ

ಅಲ್ಲಿಯ ರೈಲುಗಳಲ್ಲಿ ಅಗ್ಗದ ಟಿಕೆಟು ಎಂದು ಕೊಡುವುದು ಸಾಮಾನ್ಯವಾಗಿ ಒಂದೇ ರೈಲಿಗೆ ಕಟ್ಟಿಹಾಕಿದ್ದು. ನಡುವೆ ಇಳಿದು ಮುಂದಿನ ರೈಲು ಹತ್ತಿದರೆ ಅದು ನಡೆಯುವುದಿಲ್ಲ. ಆದ್ದರಿಂದ ಎರಡು ತುಂಡು ಟಿಕೆಟು ಮಾಡಿಸಿ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗಿನವರೆಗೆ ‘ಬಯೆರ್ನ್ ಟಿಕೆಟ್’ ಎಂಬುದೊಂದಿದೆ. ಐದು ಜನರವರೆಗೆ ಒಂದೇ ಚೀಟಿಯಲ್ಲಿ ಹೋಗಬಹುದು, ತಲೆಯ ಲೆಕ್ಕದಲ್ಲಿ ಬಹಳ ಅಗ್ಗ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆಯ ಮೇಲೆ ಮಾತ್ರ ನಡೆಯುತ್ತದೆ, ಅದೂ ಊರೂರಿಗೆ ನಿಲ್ಲುವ ರೈಲಿನಲ್ಲಿ. ನಿಲ್ಲಲಿ ಬಿಡಿ, ಎರಡು ಗಂಟೆಯೊಳಗೆ ತಲುಪಿಸುತ್ತದೆ. ಸಾಲ್ಜ್‌ಬರ್ಗಿನಿಂದ ವಿಯೆನ್ನಾಕ್ಕೆ ಗಂಟೆಗೆ ಒಂದಕ್ಕಿಂತ ಹೆಚ್ಚು ರೈಲುಗಳಿವೆ, ಎರಡೂವರೆ ಗಂಟೆಯ ದಾರಿ. ಹೀಗಾಗಿ ಸಂಜೆ ಐದಕ್ಕೆ ಹತ್ತಿದರೂ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು.

ವೀಸಾದ ಚಿಂತೆ ಬೇಡ. ಜರ್ಮನಿಗೆ ಕೊಟ್ಟ ಷೆಂಗೆನ್ ವೀಸಾ ಆಸ್ಟ್ರಿಯಕ್ಕೂ ಆಗುತ್ತದೆ. ಆದರೆ ಪಾಸ್‌ಪೋರ್ಟನ್ನು ಪೆಟ್ಟಿಗೆಯ ತಳದಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. 2015ರಿಂದೀಚೆಗೆ, ಆಸ್ಟ್ರಿಯದಿಂದ ಜರ್ಮನಿಗೆ ಬರುವ ದಿಕ್ಕಿನಲ್ಲಿ ಪೊಲೀಸರು ರೈಲಿನೊಳಗೇ ಬಂದು ಕೇಳುವುದುಂಟು.

ಸಾಮಾನು ಹೊತ್ತು ಊರು ಸುತ್ತಲಾಗುತ್ತದೆಯೇ? ಸ್ಟೇಷನ್ನಿನಲ್ಲೇ ಕಬ್ಬಿಣದ ಬೀರುಗಳ ಸಾಲಿದೆ. ನಾಣ್ಯವನ್ನೋ ಕಾರ್ಡನ್ನೋ ಹಾಕಿ ಪೆಟ್ಟಿಗೆ ಒಳಗಿಟ್ಟರೆ ಬೀಗ ಬೀಳುತ್ತದೆ. ದೊಡ್ಡ ಪೆಟ್ಟಿಗೆಗೆ ದೊಡ್ಡ ಬೀರು. ನನ್ನ ಪೆಟ್ಟಿಗೆಯಲ್ಲಿ ಅಣ್ಣನ ಮಗಳಿಗೆಂದು ಮಾಡಿದ ಅಂಟಿನುಂಡೆ ಅರ್ಧ ಡಬ್ಬಿ ಮಿಕ್ಕಿತ್ತು. ಯಾರಾದರೂ ಬೀಗ ಒಡೆದರೆ ಅವರಿಗೆ ಅದೇ ಲಾಭ ಎಂದು ನಾವು ನಕ್ಕೆವು. ಇನ್ನು ಶೌಚಾಲಯಕ್ಕೆ ಬಹಳ ಕಡೆ ನಾಣ್ಯ ಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಕುಡಿಯುವ ನೀರಿಗೆ ಕಾಸು ಕೊಡಬೇಡಿ, ನಲ್ಲಿ ನೀರು ಚೆನ್ನಾಗಿದೆ, ಖಾಲಿ ಬಾಟಲಿ ಒಯ್ದರಾಯಿತು. ರಸ್ತೆಗೆ ಕಲ್ಲುಹಾಸು. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಸೀರೆ ಉಡುವವರು ಒಂದು ಗೇಣು ಮೇಲಕ್ಕೇ ಉಡಿ.

ರೈಲಿನಲ್ಲಿ ಎಡಗಡೆ ಕೂತರೆ ಕೀಮ್‌ಜೇ ಎಂಬ ದೊಡ್ಡ ಸರೋವರ ಕಾಣುತ್ತದೆ, ಬಲಗಡೆ ಕೂತರೆ ಆಲ್ಪ್ಸ್ ಬೆಟ್ಟಗಳು. ನಾನು ಬಲಗಡೆ ಕೂತೆ. ಮೇ ತಿಂಗಳಲ್ಲೂ ತುದಿಯಲ್ಲಿ ಹಿಮವಿತ್ತು, ಬುಡದಲ್ಲಿ ಹಸು ಮೇಯುತ್ತಿದ್ದವು. ಸಾಲಾಕ್ ಎಂಬ ಹೊಳೆಯ ಸೇತುವೆ ದಾಟಿದಾಗ ದೇಶ ಬದಲಾಯಿತು. ಅಷ್ಟೆ, ಗೊತ್ತೂ ಆಗಲಿಲ್ಲ.

ಉಪ್ಪು ಕಟ್ಟಿದ ಊರು

‘ಸಾಲ್ಜ್’ ಎಂದರೆ ಉಪ್ಪು, ‘ಬುರ್ಗ್’ ಎಂದರೆ ಕೋಟೆ. ಊರ ನಡುವೆ ಹರಿಯುವ ನದಿಯ ಹೆಸರಲ್ಲೂ ಉಪ್ಪೇ – ಸಾಲ್ಜಾಕ್. ಸಮುದ್ರವಿಲ್ಲದ ಕಡೆ ಉಪ್ಪು ಎಲ್ಲಿಂದ ಬಂತು ಎನ್ನುತ್ತೀರಾ? ಹತ್ತಿರದ ಹಾಲೈನ್ ಎಂಬ ಊರಿನ ಗುಡ್ಡದ ಹೊಟ್ಟೆಯಿಂದ. ಗುಡ್ಡದೊಳಗೆ ಸುರಂಗ ಕೊರೆದು, ನೀರು ಬಿಟ್ಟು, ಉಪ್ಪು ಕರಗಿದ ಮೇಲೆ ಆ ನೀರನ್ನು ಹೊರಗೆ ತಂದು ಭಾರಿ ಬಾಣಲೆಗಳಲ್ಲಿ ಕಾಯಿಸಿ ಹರಳು ಮಾಡುತ್ತಿದ್ದರು. ಅದನ್ನು ದೋಣಿಗೆ ಹಾಕಿ ಹೊಳೆಯ ಮೇಲೆ ಸಾಗಿಸುತ್ತಿದ್ದರು. ಮಾಂಸ, ಗಿಣ್ಣು, ಎಲೆಕೋಸು ಎಲ್ಲವನ್ನೂ ಉಪ್ಪಿನಲ್ಲಿ ಹಾಕಿಟ್ಟೇ ಚಳಿಗಾಲ ಕಳೆಯಬೇಕಾಗಿದ್ದ ದೇಶದಲ್ಲಿ ಉಪ್ಪಿನ ಬೆಲೆ ಎಷ್ಟಿದ್ದೀತು, ಉಪ್ಪಿನಕಾಯಿ ಹಾಕುವ ನಮಗೆ ಬೇರೆ ಹೇಳಬೇಕೇ! ಬಿಳಿ ಬಂಗಾರ ಎಂದೇ ಅದಕ್ಕೆ ಹೆಸರು.

ಆ ದುಡ್ಡಿನ ಒಡೆಯರು ಇಲ್ಲಿಯ ಆರ್ಚ್‌ಬಿಷಪ್ಪರು. ಧರ್ಮಗುರುಗಳೂ ಅವರೇ, ಊರಾಳುವ ದೊರೆಗಳೂ ಅವರೇ. 1803ರವರೆಗೆ ಇದು ಅವರದೇ ಪುಟ್ಟ ರಾಜ್ಯ. ಆಸ್ಟ್ರಿಯಕ್ಕೆ ಖಾಯಂ ಸೇರಿದ್ದು 1816ರಲ್ಲಿ. ಗುಡ್ಡದ ಮೇಲೆ 1077ರಲ್ಲಿ ಕಟ್ಟಲು ಹಿಡಿದ ಕೋಟೆ, ಬೀದಿಬೀದಿಗೆ ಕಾಣುವ ಚರ್ಚುಗಳು, ಅರಮನೆಗಳು – ಎಲ್ಲದರ ತಳದಲ್ಲೂ ಉಪ್ಪಿದೆ.

ಸ್ಟೇಷನ್ನಿನಿಂದ ಹತ್ತು ಹದಿನೈದು ನಿಮಿಷ ನಡೆದರೆ ಮಿರಾಬೆಲ್ ಅರಮನೆ, ಅದರ ಹೂದೋಟ. ತೋಟಕ್ಕೆ ಕಾಸಿಲ್ಲ. ಸಾಲಾಗಿ ಕತ್ತರಿಸಿದ ಗಿಡಗಳು, ಕಾರಂಜಿ, ಹೂವಿನ ಬಣ್ಣಗಳ ನೇರಕ್ಕೆ ದೂರದಲ್ಲಿ ಕೋಟೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರ ನೋಡಿದವರಿಗೆ ಈ ತೋಟ ಪರಿಚಯದ್ದೇ. 1964ರಲ್ಲಿ ಇಲ್ಲಿ ಚಿತ್ರೀಕರಣ ನಡೆದು 1965ರಲ್ಲಿ ಬಿಡುಗಡೆಯಾಯಿತು. ಮಕ್ಕಳ ಜೊತೆ ನಾಯಕಿ ಹಾಡುತ್ತಾ ಹತ್ತುವ ಮೆಟ್ಟಿಲುಗಳ ಮೇಲೆ ನಾವು ಹೋದಾಗಲೂ ನಾಲ್ಕೈದು ಜನ ಕುಣಿಯುತ್ತಿದ್ದರು. ಚಿತ್ರದ ಕೊನೆಯಲ್ಲಿ ಆ ಸಂಸಾರ ಬೆಟ್ಟ ಹತ್ತಿ ದೇಶ ಬಿಡುತ್ತದಲ್ಲ, ನಿಜವಾದ ಟ್ರಾಪ್ ಸಂಸಾರ 1938ರಲ್ಲಿ ಮಾಡಿದ್ದು ನಮ್ಮ ಹಾಗೆಯೇ: ರೈಲು ಹತ್ತಿ ಇಟಲಿಗೆ ಹೋದದ್ದು!

ಹಾಡು ಕುಣಿತ ಇರಲಿ. ಈ ಅರಮನೆಯನ್ನು ಕಟ್ಟಿಸಿದ್ದು ಯಾರಿಗಾಗಿ ಗೊತ್ತೇ? 1606ರಲ್ಲಿ ವೋಲ್ಫ್ ಡೀಟ್ರಿಕ್ ಎಂಬ ಆರ್ಚ್‌ಬಿಷಪ್ ತನ್ನ ಸಾಲೊಮೆ ಆಲ್ಟ್ ಎಂಬ ಹೆಂಗಸಿಗಾಗಿ. ‘ತನ್ನ ಹೆಂಡತಿ’ ಎಂದು ಬರೆಯುವಂತಿಲ್ಲ, ಏಕೆಂದರೆ ಆತ ಸನ್ಯಾಸಿಯಂತೆ ಇರಬೇಕಾದವನು, ಮದುವೆಯಾಗುವಂತಿಲ್ಲ. ಆಕೆ ಊರಿನ ಗೌರವಸ್ಥ ವರ್ತಕರ ಮನೆಯ ಹುಡುಗಿ. ಅವರಿಗೆ ಹದಿನೈದು ಮಕ್ಕಳಾದವೆಂದು ಹೇಳುತ್ತಾರೆ. ಆಕೆಯ ಹೆಸರು ಸೇರಿಸಿ ಅರಮನೆಗೆ ‘ಆಲ್ಟೆನೌ’ ಎಂದು ಕರೆದರು. ಆಮೇಲೆ ಆತನ ಅಧಿಕಾರ ಹೋಯಿತು. 1612ರಲ್ಲಿ ಪದವಿ ಕಿತ್ತುಕೊಂಡು, ಇದೇ ಊರಿನ ಕೋಟೆಯಲ್ಲಿ ಸೆರೆಯಿಟ್ಟರು. 1617ರಲ್ಲಿ ಅಲ್ಲೇ ಸತ್ತ. ಆಕೆಯನ್ನು ಮಕ್ಕಳ ಸಮೇತ ಊರು ಬಿಡಿಸಿದರು. ವೆಲ್ಸ್ ಎಂಬ ಇನ್ನೊಂದು ಊರಿನಲ್ಲಿದ್ದು 1633ರಲ್ಲಿ ತೀರಿಕೊಂಡಳು. ಹೊಸದಾಗಿ ಗಾದಿಗೆ ಬಂದವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಅರಮನೆಯ ಹೆಸರು ಬದಲಿಸಿದ್ದು. ‘ಮಿರಾಬೆಲ್’ ಎಂದರೆ ನೋಡಲು ಸೊಗಸಾದದ್ದು ಎಂದರ್ಥವಂತೆ. ಈಗ ಅದರ ಅಮೃತಶಿಲೆಯ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತವೆ! ನಾವು ಹೋದ ದಿನವೂ ಬಿಳಿ ಗೌನಿನ ಒಬ್ಬ ಹುಡುಗಿ ಮೆಟ್ಟಿಲಿಳಿದು ಬಂದಳು. ಮದುವೆಯ ಭಾಗ್ಯವಿಲ್ಲದವಳಿಗೆ ಕಟ್ಟಿದ ಮನೆಯಲ್ಲಿ ಊರಿನವರಿಗೆಲ್ಲ ಮದುವೆ.

ಸಂತೆಯಲ್ಲಿ ಮುಟ್ಟಬೇಡಿ

ಅಂದು ಗುರುವಾರ. ಅರಮನೆಯ ಎದುರಿಗಿರುವ ಸೇಂಟ್ ಆಂಡ್ರೆ ಚರ್ಚಿನ ಸುತ್ತ ಪ್ರತಿ ಗುರುವಾರ ಬೆಳಿಗ್ಗೆ ‘ಶ್ರಾನ್ನೆ’ ಎಂಬ ಸಂತೆ ಸೇರುತ್ತದೆ. ಸಾಧ್ಯವಾದರೆ ನೀವೂ ಗುರುವಾರವೇ ಇಳಿಯಿರಿ. ಅರಮನೆಗಳಿಗಿಂತ ನನಗೆ ಸಂತೆಯಲ್ಲೇ ಹೆಚ್ಚು ಹೊತ್ತು ಹೋಯಿತು. ಬಾಳೆದಿಂಡಿನಂಥ ಬಿಳಿ ಬಣ್ಣದ, ಬೆರಳು ಗಾತ್ರದ ಆಸ್ಪರಾಗಸ್ ದಂಟುಗಳು ಕಂತೆಕಂತೆ ಇದ್ದವು. ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಸಿದರೆ ಹೀಗೆ ಬೆಳ್ಳಗಿರುತ್ತದಂತೆ. ಜೂನ್ ಕೊನೆಯವರೆಗೆ ಮಾತ್ರ ಅದರ ಕಾಲ. ಹಳ್ಳಿಯ ಹೆಂಗಸರು ತಾವೇ ಮಾಡಿದ ಗಿಣ್ಣು, ಬೆಣ್ಣೆ, ಜೇನುತುಪ್ಪ, ಹಣ್ಣಿನ ಜಾಮು ಇಟ್ಟುಕೊಂಡು ಕೂತಿದ್ದರು. “ಗ್ರೂಸ್ ಗಾಟ್” ಎಂದು ಮೊದಲು ನಮಸ್ಕಾರ ಹೇಳಿ. ಹೇಳದೆ ಬೆಲೆ ಕೇಳಿದರೆ ಮುಖ ಗಂಟಾಗುತ್ತದೆ.

ಒಂದು ಎಚ್ಚರಿಕೆ. ಬೆಂಡೆಕಾಯಿಯ ತುದಿ ಮುರಿದು ನೋಡುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಹಣ್ಣು, ತರಕಾರಿಗೆ ಕೈ ಹಾಕುವಂತಿಲ್ಲ. ಬೆರಳು ತೋರಿಸಿದರೆ ಅವರೇ ಆರಿಸಿಕೊಡುತ್ತಾರೆ. ನನ್ನ ಕೈ ಸ್ಟ್ರಾಬೆರಿಯ ಕಡೆ ಹೋಗುತ್ತಿದ್ದಂತೆ “ಅತ್ತೆ, ಕೈ!” ಎಂದು ಹುಡುಗಿ ಎಚ್ಚರಿಸಿದಳು. ಕೊಟ್ಟದ್ದರಲ್ಲಿ ಒಂದೂ ಕೊಳೆತದ್ದಿರಲಿಲ್ಲ, ಅದನ್ನೂ ಹೇಳಬೇಕು.

ಸಸ್ಯಾಹಾರಿಗಳಿಗೆ ಊಟದ ಕಷ್ಟ ಉಂಟು, ಇಲ್ಲವೆನ್ನಲಾರೆ. ಬೀದಿಯಲ್ಲಿ ಘಮಘಮಿಸುವುದೆಲ್ಲ ಮಾಂಸದ್ದೇ. ಸಾಲ್ಜ್‌ಬರ್ಗಿನ ಹೆಸರಾಂತ ಸಿಹಿ ‘ನಾಕರ್ಲ್’ ಎಂಬುದು ಮೊಟ್ಟೆಯ ಬಿಳಿಯನ್ನು ನೊರೆಬರಿಸಿ, ಮೂರು ಗುಡ್ಡದ ಹಾಗೆ ತಟ್ಟೆಯಲ್ಲಿಟ್ಟು ಬೇಯಿಸಿದ್ದು. ಮೊಟ್ಟೆ ತಿನ್ನದವರು ಕಣ್ಣಲ್ಲೇ ನೋಡಿ ಖುಷಿಪಡಬೇಕು. ಗಿಣ್ಣು, ಬ್ರೆಡ್ಡು, ಹಣ್ಣು ಕೊಂಡರೆ ಹೊಟ್ಟೆ ತುಂಬುತ್ತದೆ. ನಾವು ಮನೆಯಿಂದ ಚಪಾತಿ, ಚಟ್ನಿಪುಡಿ ಒಯ್ದಿದ್ದೆವು. ತೋಟದ ಬೆಂಚಿನ ಮೇಲೆ ಕೂತು ತಿಂದೆವು. ಯಾರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಈ ಊರಿನ ಮಳೆಗೆ ಒಂದು ಹೆಸರೇ ಇದೆ, ‘ಶ್ನ್ಯೂರ್ಲ್‌ರೇಗನ್’, ಅಂದರೆ ದಾರದಂಥ ಮಳೆ. ದಾರ ಇಳಿಬಿಟ್ಟಂತೆ ನೇರಕ್ಕೆ, ಸಣ್ಣಕ್ಕೆ, ಬಿಡದೆ ಸುರಿಯುತ್ತದೆ. ತೀರ್ಥಹಳ್ಳಿ ಕಡೆಯವಳಾದ ನನಗೆ ಅದೊಂದು ಮಳೆಯೇ ಅನ್ನಿಸಲಿಲ್ಲ. ಆದರೂ ಸೀರೆ ನೆನೆಯುತ್ತದಲ್ಲ. ಹತ್ತಿರ ಕಂಡ ಬಾಗಿಲು ಹೊಕ್ಕೆವು. ಅದು ಮೊಜಾರ್ಟ್ ಸಂಸಾರ ಬಾಳಿದ ಮನೆ.

ಗೋಡೆಯ ಮೇಲಿನ ಅಮ್ಮ

ಮೊಜಾರ್ಟ್ ಮನೆಗಳು ಇಲ್ಲಿ ಎರಡು. ಹೊಳೆಯ ಆಚೆ ದಡದ ಗೆಟ್ರೈಡೆಗಾಸೆ ಎಂಬ ಬೀದಿಯ 9ನೇ ನಂಬರಿನ ಹಳದಿ ಮನೆಯಲ್ಲಿ ಆತ ಹುಟ್ಟಿದ್ದು, 1756ರ ಜನವರಿ 27ರಂದು. 1773ರಲ್ಲಿ ಸಂಸಾರ ಈಚೆ ದಡದ ಈ ದೊಡ್ಡ ಮನೆಗೆ ಬಂತು. 1944ರ ಅಕ್ಟೋಬರ್‌ನಲ್ಲಿ ಬಾಂಬು ಬಿದ್ದು ಈ ಮನೆಯ ಬಹುಪಾಲು ನಾಶವಾಗಿ, ಮತ್ತೆ ಮೊದಲಿನಂತೆ ಕಟ್ಟಿ 1996ರಲ್ಲಿ ತೆರೆದರು. ಇಲ್ಲಿ ಒಂದು ಚಿತ್ರವಿದೆ. 1780–81ರಲ್ಲಿ ಬರೆದದ್ದು. ತಮ್ಮ ಮತ್ತು ಅಕ್ಕ ಅಕ್ಕಪಕ್ಕ ಕೂತು ಒಂದೇ ಪಿಯಾನೋ ಬಾರಿಸುತ್ತಿದ್ದಾರೆ, ಒಬ್ಬರ ಕೈ ಇನ್ನೊಬ್ಬರ ಕೈಮೇಲೆ ಹಾದಿದೆ. ಅಪ್ಪ ಪಿಟೀಲು ಹಿಡಿದು ನಿಂತಿದ್ದಾರೆ. ಅಮ್ಮ? ಅಮ್ಮ ಗೋಡೆಯ ಮೇಲೆ ಚೌಕಟ್ಟಿನೊಳಗೆ.

ನಮ್ಮ ಮನೆಗಳ ನಡುಮನೆಯಲ್ಲಿ ಇರುತ್ತದಲ್ಲ, ಹಾಗೆಯೇ. ಆಕೆ ಆನಾ ಮರಿಯಾ. ಮಗನಿಗೆ ಪ್ಯಾರಿಸ್ಸಿನಲ್ಲಿ ಕೆಲಸ ಹುಡುಕಲು ಹೋಗಬೇಕಾಗಿತ್ತು, ಅಪ್ಪನಿಗೆ ಆರ್ಚ್‌ಬಿಷಪ್ಪರು ರಜೆ ಕೊಡಲಿಲ್ಲ. ಹುಡುಗನೊಬ್ಬನನ್ನೇ ಕಳಿಸಲು ಧೈರ್ಯವಾಗದೆ ಅಮ್ಮನನ್ನು ಜೊತೆಗೆ ಕಳಿಸಿದರು. ಭಾಷೆ ಬಾರದ ಊರಿನಲ್ಲಿ, ಬೆಳಕಿಲ್ಲದ ಕೋಣೆಯಲ್ಲಿ ಒಬ್ಬಳೇ ದಿನ ದೂಡಿದ ಆಕೆ ಕಾಯಿಲೆ ಬಿದ್ದು 1778ರ ಜುಲೈ 3ರಂದು ಅಲ್ಲೇ ಕಣ್ಣು ಮುಚ್ಚಿದಳು. ಮಣ್ಣಾದದ್ದೂ ಪ್ಯಾರಿಸ್ಸಿನಲ್ಲೇ. ಮೂರು ತಿಂಗಳು ಪರಊರಿನ ಫ್ಲಾಟಿನಲ್ಲಿ ಕಳೆದು ಬಂದಿದ್ದ ನನಗೆ ಆ ಚೌಕಟ್ಟಿನ ಮುಂದೆ ನಿಂತಾಗ ಗಂಟಲು ಕಟ್ಟಿತು. ಇರಲಿ.

ಈಗ ಅಕ್ಕನ ವಿಷಯ. ಮರಿಯಾ ಆನಾ ಎಂದು ಹೆಸರು, ಮನೆಯವರೆಲ್ಲ ನಾನೆರ್ಲ್ ಎಂದು ಕರೆಯುತ್ತಿದ್ದರು. ತಮ್ಮನಿಗಿಂತ ನಾಲ್ಕೂವರೆ ವರ್ಷ ದೊಡ್ಡವಳು, 1751ರಲ್ಲಿ ಹುಟ್ಟಿದವಳು. ಆ ತಾಯಿ ಹೆತ್ತ ಏಳು ಮಕ್ಕಳಲ್ಲಿ ಉಳಿದವು ಇವೆರಡೇ. ಅಪ್ಪ ಲಿಯೋಪೋಲ್ಡ್ ಮೊದಲು ಪಾಠ ಹೇಳಿದ್ದು ಮಗಳಿಗೆ. 1759ರಲ್ಲಿ ಅವಳಿಗೆಂದು ಒಂದು ಸಂಗೀತದ ನೋಟ್‌ಬುಕ್ಕು ಮಾಡಿಕೊಟ್ಟರು. ಅಕ್ಕ ಕಲಿಯುವುದನ್ನು ನೋಡಿ ನೋಡಿಯೇ ತಮ್ಮ ಪಿಯಾನೋಗೆ ಕೈ ಹಾಕಿದ್ದು. ಅವನ ಮೊಟ್ಟಮೊದಲ ರಚನೆಗಳು ಬರೆಯಲ್ಪಟ್ಟಿರುವುದು ಅಕ್ಕನ ಆ ನೋಟ್‌ಬುಕ್ಕಿನಲ್ಲೇ!

1763ರಿಂದ 1766ರವರೆಗೆ ಮೂರೂವರೆ ವರ್ಷ ಇಡೀ ಸಂಸಾರ ಕುದುರೆಗಾಡಿಯಲ್ಲಿ ಯೂರೋಪು ಸುತ್ತಿತು. ಮ್ಯೂನಿಕ್, ಪ್ಯಾರಿಸ್, ಲಂಡನ್. ರಾಜರ ಮುಂದೆ ಇಬ್ಬರು ಮಕ್ಕಳೂ ನುಡಿಸಿದರು. ಅವಳೂ ಅದ್ಭುತ ಬಾಲಕಿಯೆಂದೇ ಹೆಸರು ಮಾಡಿದಳು. ಲಂಡನ್ನಿನಲ್ಲಿ ಅಪ್ಪ ಕಾಯಿಲೆ ಮಲಗಿದಾಗ ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ. ಎಂಟು ವರ್ಷದ ತಮ್ಮ ಕೂತು ಸಿಂಫನಿ ಬರೆಯುತ್ತಿದ್ದ, ಅಕ್ಕ ಪಕ್ಕದಲ್ಲಿ ಕೂತು ನಕಲು ಮಾಡುತ್ತಿದ್ದಳು. “ಕೊಂಬಿನವರಿಗೆ ಏನಾದರೂ ಒಳ್ಳೆಯದು ಕೊಡಬೇಕು, ನೆನಪು ಮಾಡು” ಎಂದು ತಮ್ಮ ಹೇಳಿದ್ದನಂತೆ. ಇದನ್ನು ಹೇಳಿದವಳು ಅವಳೇ, ಮುಪ್ಪಿನಲ್ಲಿ ನೆನಪು ಮಾಡಿಕೊಂಡು. ಮರುವರ್ಷ ಹಾಲೆಂಡಿನಲ್ಲಿ ಅವಳಿಗೇ ವಿಷಮಶೀತಜ್ವರ ಬಂದು, ಬದುಕುವುದಿಲ್ಲವೆಂದು ಪಾದ್ರಿಯನ್ನೂ ಕರೆಸಿದ್ದರು.

1769ರಲ್ಲಿ ಅವಳಿಗೆ ಹದಿನೆಂಟು ತುಂಬಿತು. ಅದೇ ವರ್ಷದ ಕೊನೆಗೆ ಅಪ್ಪ ಮಗ ಇಟಲಿಗೆ ಹೊರಟರು. ಅಮ್ಮ ಮಗಳು ಮನೆಯಲ್ಲಿ ಉಳಿದರು. ಮುಂದೆ ಮತ್ತೆರಡು ಸಲ ಇಟಲಿಗೆ ಹೋದಾಗಲೂ ಅಷ್ಟೆ. ಮದುವೆಯ ವಯಸ್ಸಿನ ಹುಡುಗಿ ಊರೂರು ತಿರುಗಿ ಕಛೇರಿ ಮಾಡುವುದು ಚೆನ್ನಾಗಿರುತ್ತದೆಯೇ? ಇದನ್ನು ಬಾಯಿಬಿಟ್ಟು ಯಾರೂ ಹೇಳಬೇಕಾಗಿರಲಿಲ್ಲ. ಅವಳು ತಾನೇ ಒಂದು ಹಾಡಿಗೆ ರಾಗ ಕಟ್ಟಿ ತಮ್ಮನಿಗೆ ಕಳಿಸಿದ್ದುಂಟು. ಚೆನ್ನಾಗಿದೆ, ಇನ್ನೂ ಬರೆ ಎಂದು 1770ರಲ್ಲಿ ಅವನು ಇಟಲಿಯಿಂದ ಉತ್ತರ ಬರೆದ. ತಮ್ಮನ ಆ ಕಾಗದ ಉಳಿದಿದೆ. ಅವಳ ರಚನೆ ಒಂದೂ ಉಳಿದಿಲ್ಲ.

ಇದನ್ನೆಲ್ಲ ಹುಡುಗಿ ಗೋಡೆಯ ಬರಹ ಓದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನಿಲ್ಲಿಸಿ, “ಅತ್ತೆ, ನನ್ನ ವೀಣೆ ಇನ್ನೂ ಅಟ್ಟದ ಮೇಲೇ ಇದೆಯಾ?” ಎಂದಳು.

“ಇದೆ ಕಣೇ. ಹಳೇ ಸೀರೆ ಸುತ್ತಿ ಇಟ್ಟಿದೆ.”

“ತಂತಿ?”

“ತಂತಿ ತುಕ್ಕು ಹಿಡಿದಿರುತ್ತೆ. ಹಾಕಿಸಿದರಾಯ್ತು.”

ಅವಳದು ಜೂನಿಯರ್ ಪರೀಕ್ಷೆ ಆದಮೇಲೆ ಸಿ.ಇ.ಟಿ. ಓದಿಗೆಂದು ನಿಂತದ್ದು. ನಮ್ಮ ಕಾಲದವರದು ಗಂಡು ನೋಡಲು ಬಂದಾಗ ಒಂದು ಹಾಡು ಹೇಳಿ, ಮದುವೆಯಾದ ಮೇಲೆ ನಿಲ್ಲುತ್ತಿತ್ತು. ಕಾರಣ ಬೇರೆಬೇರೆ, ಅಟ್ಟ ಮಾತ್ರ ಒಂದೇ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಾರ್ಮೋನಿಯಮ್ಮೋ ತಂಬೂರಿಯೋ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಆದರೆ ನಾನೆರ್ಲ್ ಕಥೆಯನ್ನು ಅಪ್ಪನನ್ನು ಬೈದು ಮುಗಿಸುವಂತಿಲ್ಲ. ಆ ಕಾಲಕ್ಕೆ ಮಗಳಿಗೆ ಅಷ್ಟು ವಿದ್ಯೆ ಕೊಟ್ಟವರು ಎಷ್ಟು ಜನ? ಅವಳೂ ಕೈ ಕಟ್ಟಿ ಕೂತವಳಲ್ಲ. ಊರಿನ ಹುಡುಗಿಯರಿಗೆ ಪಿಯಾನೋ ಪಾಠ ಹೇಳಿ ಮನೆಗೆ ದುಡ್ಡು ತಂದಳು. ತಾಯಿ ಹೋದ ಮೇಲೆ ಮನೆ ನಡೆಸಿದಳು. ಮದುವೆಯಾದಾಗ ವಯಸ್ಸು ಮೂವತ್ತಮೂರು. 1784ರ ಆಗಸ್ಟ್‌ನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ದೂರದ ಸೇಂಟ್ ಗಿಲ್ಗೆನ್ ಎಂಬ ಹಳ್ಳಿಯ ಅಧಿಕಾರಿಯೊಬ್ಬನ ಕೈ ಹಿಡಿದಳು. ಎರಡು ಸಲ ವಿಧುರ, ಐದು ಮಕ್ಕಳ ತಂದೆ. ವಿಚಿತ್ರವೆಂದರೆ ಅದೇ ಮನೆಯಲ್ಲಿ ಅವಳ ತಾಯಿ ಹುಟ್ಟಿದ್ದು. ಅಜ್ಜನೂ ಹಿಂದೆ ಅದೇ ಹುದ್ದೆಯಲ್ಲಿದ್ದವನು. ಐದು ಮಲಮಕ್ಕಳು, ತನ್ನದೇ ಮೂರು. ಅದರ ನಡುವೆಯೂ ಆ ಹಳ್ಳಿಮನೆಯಲ್ಲಿ ದಿನಕ್ಕೆ ಮೂರು ಗಂಟೆ ಪಿಯಾನೋ ಅಭ್ಯಾಸ ಮಾಡುತ್ತಿದ್ದಳು. ಕೇಳಲು ಯಾರೂ ಇಲ್ಲದ ಕಡೆ! ಇಷ್ಟನ್ನು ಓದಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತಮ್ಮನ ಜೊತೆ ಕಡೆಯ ಭೇಟಿ 1783ರಲ್ಲೇ ಆಗಿಹೋಗಿತ್ತು, ಅವನು ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದಾಗ. 1787ರಲ್ಲಿ ಅಪ್ಪ ತೀರಿಕೊಂಡ ಮೇಲೆ, ಆಸ್ತಿಯ ಲೆಕ್ಕ ಮುಗಿದು ಕಾಗದಗಳೂ ಕಮ್ಮಿಯಾದವು. ತವರಿನ ಕೊಂಡಿ ಕಳಚುವ ರೀತಿ ಎಲ್ಲ ದೇಶದಲ್ಲೂ ಒಂದೇ ಇರಬೇಕು. 1791ರಲ್ಲಿ ತಮ್ಮ ಮೂವತ್ತೈದಕ್ಕೇ ಹೋದ. ಮರುವರ್ಷ ಅವನ ಜೀವನ ಬರೆಯುವವರು ಕೇಳಿದಾಗ ಬಾಲ್ಯದ ನೆನಪುಗಳನ್ನು ಬರೆದುಕೊಟ್ಟವಳು ಅವಳು. ಮನೆಯವರ ನೂರಾರು ಕಾಗದಗಳನ್ನು ಜೋಪಾನ ಮಾಡಿ ಇಟ್ಟವಳೂ ಅವಳೇ. ಅವಿಲ್ಲದಿದ್ದರೆ ಮೊಜಾರ್ಟ್ ಬಾಲ್ಯದ ಬಗ್ಗೆ ಜಗತ್ತಿಗೆ ಇಷ್ಟು ತಿಳಿಯುತ್ತಿರಲಿಲ್ಲ.

ಹೊಳೆಯಾಚೆ

ಮಳೆ ನಿಂತ ಮೇಲೆ ಕಾಲುಸೇತುವೆ ದಾಟಿ ಗೆಟ್ರೈಡೆಗಾಸೆಗೆ ಬಂದೆವು. ಈಗಿನ ಹೆಸರಿಗೆ ಧಾನ್ಯದ ಗಲ್ಲಿ ಎಂದು ಅರ್ಥ ಬರುತ್ತದೆ. ನಮ್ಮ ಅಕ್ಕಿಪೇಟೆ, ರಾಗಿಪೇಟೆಯ ನೆನಪಾಯಿತು. ಇಕ್ಕಟ್ಟು ಬೀದಿ, ಎತ್ತರದ ಮನೆಗಳು. ಪ್ರತಿ ಅಂಗಡಿಗೂ ಕಬ್ಬಿಣದ ಕುಸುರಿ ಕೆಲಸದ ಫಲಕ ಬೀದಿಗೆ ಚಾಚಿಕೊಂಡಿದೆ. ಓದು ಬಾರದ ಗಿರಾಕಿಗಳಿಗೆ ಅಂಗಡಿ ಗುರುತು ಸಿಗಲೆಂದು ಹಿಂದೆ ಹೀಗೆ ಚಿತ್ರ ತೂಗುಹಾಕುತ್ತಿದ್ದರಂತೆ. ಹುಟ್ಟಿದ ಮನೆಯ ಮುಂದೆ ಜನಜಂಗುಳಿ, ಸಾಲು. ಹೊರಗಿನಿಂದಲೇ ಕೈ ಮುಗಿದು ಮುಂದೆ ನಡೆದೆವು. ಸಮಯ ಕಡಿಮೆ ಇದ್ದಾಗ ಎರಡರಲ್ಲಿ ಒಂದು ಮನೆ ನೋಡಿ ಸಾಕು, ಅದೂ ಈಚೆ ದಡದ್ದು ಎಂದು ನನ್ನ ಸಲಹೆ.

ಊರಿನ ತುಂಬ ‘ಮೊಜಾರ್ಟ್ ಕೂಗೆಲ್’ ಎಂಬ ಚಾಕೊಲೇಟಿನ ಉಂಡೆ ಮಾರುತ್ತಾರೆ. ಮಾಡುವ ವಿಧಾನ ಕೇಳಿ: ಬಾದಾಮಿ, ಪಿಸ್ತಾ, ಸಕ್ಕರೆ ಅರೆದ ಹಸಿರು ಹೂರಣದ ಸಣ್ಣ ಉಂಡೆ, ಅದರ ಮೇಲೆ ನೂಗಾ ಎಂಬ,  ಬೀಜ ಅರೆದ ಕಂದು ಹೂರಣದ ಹೊದಿಕೆ, ಅದನ್ನು ಮರದ ಕಡ್ಡಿಗೆ ಚುಚ್ಚಿ ಕರಗಿದ ಕಪ್ಪು ಚಾಕೊಲೇಟಿನಲ್ಲಿ ಅದ್ದಿ, ಕಡ್ಡಿ ನೆಟ್ಟು ಆರಲು ಬಿಟ್ಟು, ಕೊನೆಗೆ ಕಡ್ಡಿ ತೆಗೆದ ತೂತಿಗೂ ಚಾಕೊಲೇಟು ತುಂಬುತ್ತಾರೆ. ನಮ್ಮ ಸುಕ್ಕಿನುಂಡೆಯ ದೂರದ ನೆಂಟನೇ ಸರಿ. 1890ರಲ್ಲಿ ಪೌಲ್ ಫ್ಯೂರ್ಸ್ಟ್ ಎಂಬಾತ ಕಂಡುಹಿಡಿದದ್ದು. ಹಕ್ಕು ಬರೆಸಿಕೊಳ್ಳದೆ ಹೋದದ್ದರಿಂದ ಕಂಡಕಂಡವರೆಲ್ಲ ಮಾಡತೊಡಗಿದರು. ಆತನ ಮನೆತನದ ಅಂಗಡಿಯ ಉಂಡೆಗೆ ಬೆಳ್ಳಿ–ನೀಲಿ ಹಾಳೆ, ಈಗಲೂ ಕೈಯಲ್ಲೇ ಮಾಡುತ್ತಾರೆ. ಕೆಂಪು–ಬಂಗಾರದ ಹಾಳೆಯದು ಯಂತ್ರದ್ದು. ಊರಿಗೆ ಹಂಚಲು ಎರಡನೆಯದು, ನಿಮ್ಮ ಬಾಯಿಗೆ ಮೊದಲನೆಯದು. ಇದು ಸ್ವಾರ್ಥವೆನ್ನಬೇಡಿ, ನೀಲಿಯದು ಬಹಳ ದಿನ ತಡೆಯುವುದಿಲ್ಲ.

ದೊಡ್ಡ ಚರ್ಚನ್ನು ಐದು ನಿಮಿಷದಲ್ಲಿ ನೋಡಿದೆವು. ಮೊಜಾರ್ಟ್‌ಗೆ ನಾಮಕರಣವಾದದ್ದು ಇಲ್ಲೇ. ಕೋಟೆಗೆ ಹತ್ತಲು 1892ರಿಂದ ಹಗ್ಗದ ರೈಲಿದೆ, ಆದರೆ ಅದಕ್ಕೆ ಎರಡು ಗಂಟೆ ಎತ್ತಿಡಬೇಕು. ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡು, ಬಂಡೆಯ ಬುಡದಲ್ಲಿರುವ ಸೇಂಟ್ ಪೀಟರ್ ಮಠದ ಸ್ಮಶಾನಕ್ಕೆ ಹೋದೆವು.

ಸ್ಮಶಾನ ಎಂದು ಮೂಗು ಮುರಿಯಬೇಡಿ. ಅದು ಮನೆಯಂಗಳದ ಹಾಗಿದೆ. ಒಂದೊಂದು ಸಮಾಧಿಯೂ ಒಂದೊಂದು ಪುಟ್ಟ ಹೂಪಾತಿ. ಕಬ್ಬಿಣದ ಶಿಲುಬೆ, ಬುಡದಲ್ಲಿ ಬಿಳಿ, ನೇರಳೆ ಹೂ. ಆಯಾ ಮನೆಯವರೇ ಬಂದು ಕಳೆ ಕೀಳುತ್ತಾರೆ. ಮುದುಕಿಯೊಬ್ಬಳು ನೀರಿನ ಝಾರಿ ಹಿಡಿದು ಪಾತಿಗೆ ನೀರು ಹಾಕುತ್ತಿದ್ದಳು, ಇಷ್ಟು ಮಳೆ ಬಂದಿದ್ದರೂ!

ಬಂಡೆಗೆ ಕೊರೆದ ಗುಹೆಗಳ ಬಾಗಿಲ ಬಳಿ ಒಂದು ಸಾಮೂಹಿಕ ಸಮಾಧಿಯಿದೆ. ಅಲ್ಲಿ ನಾನೆರ್ಲ್ ಹೆಸರಿನ ಕಲ್ಲಿದೆ. 1801ರಲ್ಲಿ ಗಂಡ ಸತ್ತ ಮೇಲೆ ಅವಳು ಸಾಲ್ಜ್‌ಬರ್ಗಿಗೆ ಮರಳಿ ಮತ್ತೆ ಪಿಯಾನೋ ಪಾಠ ಹೇಳತೊಡಗಿದಳು, ಐವತ್ತು ವರ್ಷದ ವಿಧವೆ. ಕಡೆಗೆ ಕಣ್ಣು ಹೋಯಿತು. 1829ರ ಬೇಸಿಗೆಯಲ್ಲಿ ಇಂಗ್ಲೆಂಡಿನ ನೊವೆಲ್ಲೋ ದಂಪತಿಗಳು, ಮೊಜಾರ್ಟ್ ಸಂಗೀತದ ಅಭಿಮಾನಿಗಳಿಂದ ಚಂದಾ ಎತ್ತಿದ ಹಣ ತಂದು ಹಾಸಿಗೆ ಹಿಡಿದಿದ್ದ ಅವಳಿಗೆ ಕೊಟ್ಟುಹೋದರು. ಅದೇ ಅಕ್ಟೋಬರ್ 29ಕ್ಕೆ ತೀರಿಕೊಂಡಳು. ಎಪ್ಪತ್ತೆಂಟು ವರ್ಷ. ಅಪ್ಪನ ಗೋರಿ ಇರುವುದು ಹೊಳೆಯಾಚೆ ಬೇರೊಂದು ಸ್ಮಶಾನದಲ್ಲಿ, ತಮ್ಮನದು ವಿಯೆನ್ನಾದಲ್ಲಿ, ಅಮ್ಮನದು ಪ್ಯಾರಿಸ್ಸಿನಲ್ಲಿ. ಆ ನಾಲ್ವರಲ್ಲಿ ಈ ಅಂಗಳಕ್ಕೆ ಬಂದವಳು ಇವಳೊಬ್ಬಳೇ. ಹುಡುಗಿ ಸಂತೆಯಲ್ಲಿ ಕೊಂಡಿದ್ದ ಹೂವಿನ ಕಟ್ಟಿನಿಂದ ಎರಡು ತೆಗೆದು ಕಲ್ಲಿನ ಕೆಳಗಿಟ್ಟಳು.

ಸ್ಮಶಾನದ ಪಕ್ಕದಲ್ಲೇ ಮಠದ ಬೇಕರಿಯಿದೆ, ಮೆಟ್ಟಿಲಿಳಿದು ಹೋಗಬೇಕು. ಹೊರಗೆ ನೀರಿನ ಚಕ್ರ ತಿರುಗುತ್ತಿರುತ್ತದೆ. 12ನೇ ಶತಮಾನದಲ್ಲಿ ಗುಡ್ಡದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದ ಕಾಲುವೆ ಅದನ್ನು ತಿರುಗಿಸುತ್ತದೆ. ಒಳಗೆ ಸೌದೆ ಒಲೆ. ನಮ್ಮ ದೋಸೆಹಿಟ್ಟಿನಂತೆ ಹುಳಿ ಬರಿಸಿದ ರೈ ಹಿಟ್ಟಿನ, ಕಪ್ಪಗಿನ, ದಪ್ಪ ಸಿಪ್ಪೆಯ ಬ್ರೆಡ್ಡು. ತೂಕ ಮಾಡಿ ಕೊಡುತ್ತಾರೆ. ಬಿಸಿಯಾಗಿತ್ತು. ಸೆರಗಿನಲ್ಲಿ ಸುತ್ತಿಕೊಂಡೆ.

ಸ್ಟೇಷನ್ನಿಗೆ ವಾಪಸು ನಡೆಯಲಿಲ್ಲ, ಬಸ್ಸು ಹಿಡಿದೆವು. ತಲೆಯ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು ಸದ್ದಿಲ್ಲದೆ ಓಡುವ ಬಸ್ಸುಗಳವು, 1940ರಿಂದಲೂ ಇವೆ. ಕಬ್ಬಿಣದ ಬೀರು ತೆಗೆದರೆ ಪೆಟ್ಟಿಗೆ, ಅಂಟಿನುಂಡೆ ಎರಡೂ ಕ್ಷೇಮ. ಐದು ಗಂಟೆಯ ರೈಲಿನಲ್ಲಿ ಎದುರುಬದುರು ಸೀಟು ಸಿಕ್ಕಿತು. ಹುಡುಗಿ ಫೋನಿನಲ್ಲಿ ತನ್ನಪ್ಪನಿಗೆ ಮೆಸೇಜು ಬರೆಯುತ್ತಿದ್ದಳು. ನನಗೂ ತೋರಿಸಿದಳು: “ಅಪ್ಪಾ, ಅತ್ತೆ ಬರುವಾಗ ವೀಣೆ ತಂತಿಯ ಅಳತೆ ಹೇಳಿಕಳಿಸ್ತೀನಿ. ಮೈಸೂರಿನಲ್ಲಿ ಕೇಳಿ ಹಾಕಿಸಿ.” ಬ್ರೆಡ್ಡಿನ ತುದಿ ಮುರಿದು ಉಳಿದ ಚಟ್ನಿಪುಡಿ ಹಚ್ಚಿ ಅವಳ ಕೈಗೆ ಕೊಟ್ಟೆ. ಹುಳಿ ಬ್ರೆಡ್ಡಿಗೆ ಚಟ್ನಿಪುಡಿ ಬಹಳ ಹೊಂದುತ್ತದೆ, ನೀವೂ ಮಾಡಿ ನೋಡಿ. ಸ್ವಲ್ಪ ಬೆಣ್ಣೆ ಇದ್ದರೆ ಇನ್ನೂ ಚೆನ್ನ.